ಕ್ರಿಮಿಚಿಕಿತ್ಸೆಯ ಮೂರನೆಯ ಅಂಗ

ವರ್ಷಕ್ಕೆ ಎರಡಾವರ್ತಿ, ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳ 10ನೆಯ ತಾರೀಖಿನ ಸುಮಾರಿಗೆ, ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಶಾಲೆ ಅಂಗನವಾಡಿಗಳಲ್ಲಿಯೂ, ದೇಶದ ಉಳಿದೆಡೆಗಳಲ್ಲಿ ನಡೆಯುವಂತೆಯೇ, 1ರಿಂದ 19 ವರ್ಷದವರೆಗಿನ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಕೊಡುವ ಕಾರ್ಯ ನಡೆಯುತ್ತದೆ. 2015ರಲ್ಲಿ ಕೆಲವು ರಾಜ್ಯಗಳಲ್ಲಿ ಮೊದಲಾಗಿ ಮರುವರ್ಷವೇ ದೇಶವನ್ನೆಲ್ಲ ವ್ಯಾಪಿಸಿದ ಈ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಗುಣಾವಗುಣಗಳನ್ನು ಪಕ್ಷಪಾತವಿಲ್ಲದೆ ತೂಗಿ ನೋಡುವುದು ಈ ಲೇಖನದ ಉದ್ದೇಶ.

ತೂಗುವುದಕ್ಕೆ ಬೇಕಾದ ತಕ್ಕಡಿ ನಮ್ಮ ಪರಂಪರೆಯಲ್ಲಿಯೇ ಉಂಟು. ಚರಕಸಂಹಿತೆಯ ವಿಮಾನಸ್ಥಾನವು ಕ್ರಿಮಿಚಿಕಿತ್ಸೆಗೆ ಮೂರು ಅಂಗಗಳನ್ನು ವಿಧಿಸುತ್ತದೆ: ಒಳಗಿರುವ ಹುಳುವನ್ನು ಹೊರಕ್ಕೆ ಸೆಳೆಯುವ ಅಪಕರ್ಷಣ, ಅದು ಬೆಳೆಯುವುದಕ್ಕೆ ಅನುಕೂಲವಾದ ಸ್ಥಿತಿಯನ್ನು ಕೆಡಿಸುವ ಪ್ರಕೃತಿವಿಘಾತ, ಮತ್ತು ರೋಗದ ಕಾರಣವನ್ನೇ ದೂರಮಾಡುವ ನಿದಾನಪರಿವರ್ಜನ. ಮಕ್ಕಳಿಗೆ ಆಗಾಗ ಹರಳೆಣ್ಣೆ ಕುಡಿಸಿ, ಬೇವಿನ ಚಿಗುರು ತಿನ್ನಿಸಿ, ವಾಯುವಿಳಂಗದ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸುತ್ತಿದ್ದ ಹಳ್ಳಿಯ ಅಜ್ಜಿಯರು ಮೊದಲ ಎರಡನ್ನು ಬಲ್ಲವರಾಗಿದ್ದರು. ಆದರೆ “ಬೆಲ್ಲ ತಿಂದದ್ದು ಹೆಚ್ಚಾಯಿತು, ಅದಕ್ಕೇ ಮಗುವಿಗೆ ಹುಳು ಬಿದ್ದಿದೆ” ಎಂದು ಬೆಲ್ಲದ ಮೇಲೆ ಅಪವಾದ ಹೊರಿಸುತ್ತಿದ್ದುದರಿಂದ ನಿಜವಾದ ನಿದಾನ ಅವರ ಕಣ್ಣಿಗೆ ಬೀಳದೆ ಹೋಯಿತು.

ಆ ನಿದಾನವಾದರೋ ಬೆಲ್ಲದಲ್ಲಿಲ್ಲ, ಮಣ್ಣಿನಲ್ಲಿದೆ. ಹೆಣ್ಣು ದುಂಡುಹುಳು ದಿನವೊಂದಕ್ಕೆ ಸುಮಾರು 2,00,000 ಮೊಟ್ಟೆಗಳನ್ನಿಡುತ್ತದೆ. ಬಯಲಿನಲ್ಲಿ ವಿಸರ್ಜಿತವಾದ ಮಲದೊಡನೆ ನೆಲಕ್ಕೆ ಸೇರಿದ ಈ ಮೊಟ್ಟೆಗಳು, ಗಟ್ಟಿಯಾದ ಕವಚವಿರುವುದರಿಂದ, ವರ್ಷಗಟ್ಟಲೆ ಜೀವ ಹಿಡಿದುಕೊಂಡಿದ್ದು, ಉಗುರಿನ ಸಂದಿಯ ಕೊಳೆಯಿಂದಲೋ ತೊಳೆಯದ ತರಕಾರಿಯಿಂದಲೋ ಮತ್ತೊಬ್ಬರ ಹೊಟ್ಟೆಯನ್ನು ಸೇರುತ್ತವೆ. ಕೊಕ್ಕೆಹುಳುವಿನ ಮಾರ್ಗವೇ ಬೇರೆ. ಅದರ ಮರಿ ನೆರಳಿನ ತೇವದ ಮಣ್ಣಿನಲ್ಲಿ ಹೊಂಚಿದ್ದು, ಬರಿಗಾಲಿನ ಬೆರಳ ಸಂದಿಯ ಮೆತ್ತನೆಯ ಚರ್ಮವನ್ನು ಕೊರೆದು ರಕ್ತವನ್ನು ಸೇರಿ, ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ಉಗುಳಿನೊಡನೆ ನುಂಗಲ್ಪಟ್ಟು, ಕೊನೆಗೆ ಸಣ್ಣಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ವರ್ಷಾನುಗಟ್ಟಲೆ ರಕ್ತಪಾನಮಾಡುತ್ತದೆ. ಹೀಗೆ ಚರ್ಮದ ಮೂಲಕ ಮರಿ ಒಳಹೋಗುವ ಸಂಗತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೈರೋ ನಗರದಲ್ಲಿದ್ದ ಆರ್ಥರ್ ಲೂಸ್ ಎಂಬ ವಿಜ್ಞಾನಿಗೆ, ಮರಿಗಳಿದ್ದ ನೀರು ಅವನ ಕೈಮೇಲೆ ಚೆಲ್ಲಿದಾಗ, ಆಕಸ್ಮಿಕವಾಗಿ ಗೋಚರವಾಯಿತು.

ಈಗ ನಮ್ಮ ಮೂರು ತಾಲ್ಲೂಕುಗಳ ನೆಲವನ್ನು ನೋಡಿರಿ. ತರೀಕೆರೆಯ ಅರೆಮಲೆನಾಡಿನಲ್ಲಿ, ಭದ್ರೆಯ ನೀರುಂಡ ಅಡಿಕೆ ತೋಟಗಳ ತಂಪು ನೆರಳು ಕೊಕ್ಕೆಹುಳುವಿನ ಮರಿಗೆ ಸರ್ವಥಾ ಅನುಕೂಲವಾದ ತಾಣ. ಬೆಳಗ್ಗೆ ಅದೇ ಅಂಚಿನಲ್ಲಿ ಚೆಂಬು ಹಿಡಿದು ಕೂರುವವರಿದ್ದರೆ, ಹಗಲಿನಲ್ಲಿ ಬರಿಗಾಲಿನಲ್ಲಿ ಗೊಬ್ಬರ ಹೊರುವವರು ಅದರ ಫಲವನ್ನು ಉಣ್ಣಬೇಕಾಗುತ್ತದೆ. ಕಡೂರಿನ ಬಯಲುಸೀಮೆಯ ಸುಡುಬಿಸಿಲು ಈ ಮರಿಗಳನ್ನು ಬೇಗನೆ ಕೊಲ್ಲಬಹುದಾದರೂ ತೆಂಗಿನ ಪಾತಿಯ ತೇವವನ್ನೂ ದುಂಡುಹುಳುವಿನ ಮೊಟ್ಟೆಯ ಕವಚವನ್ನೂ ಅದು ಸುಲಭವಾಗಿ ಗೆಲ್ಲಲಾರದು. ಅಜ್ಜಂಪುರದ ಕಡೆಯ ಈರುಳ್ಳಿ ಹೊಲದಲ್ಲಿ ಕಳೆ ಕಿತ್ತ ಹೆಂಗಸು, ಕೈಗೆ ಸಾಬೂನಿಲ್ಲದೆ ಬದುವಿನ ಮೇಲೆ ಬುತ್ತಿ ಬಿಚ್ಚಿದಳೆಂದರೆ, ಆ ಮಣ್ಣು ತುತ್ತಿನೊಡನೆಯೇ ಹೋಗುತ್ತದೆ.

ಮಾತ್ರೆಯ ದಿನದ ಸದ್ಗುಣಗಳನ್ನು ಮುಚ್ಚಿಡತಕ್ಕದ್ದಲ್ಲ. ಬಿಸಿಯೂಟವಾದ ಮೇಲೆ ಮಕ್ಕಳು ಸಾಲಾಗಿ ನಿಂತು ಗುರುಗಳ ಎದುರಿನಲ್ಲಿಯೇ 400 ಮಿಲಿಗ್ರಾಂ ಮಾತ್ರೆಯನ್ನು ಅಗಿದು ನುಂಗುತ್ತಾರೆ. ಎರಡು ವರ್ಷದೊಳಗಿನ ಕೂಸಿಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಅಂಗನವಾಡಿಯ ಕಾರ್ಯಕರ್ತೆ ಕುಡಿಸುತ್ತಾಳೆ. ಅಂದು ಬಾರದವರಿಗೆ ಕೆಲವು ದಿನಗಳ ಅನಂತರ ಮತ್ತೊಂದು ಸರದಿ. ಔಷಧ ಅಗ್ಗವಾದುದು, ನಿರಪಾಯಕರವಾದುದು, ದುಂಡುಹುಳುವಿನ ಮೇಲೆ ಅದರ ಪ್ರಭಾವ ಪ್ರಬಲವಾದುದು. ಬಡವರ ಮನೆಯ ಬಾಗಿಲಿಗೆ ವೈದ್ಯವನ್ನು ಉಚಿತವಾಗಿ ತಲುಪಿಸಿದ ಈ ವ್ಯವಸ್ಥೆಯನ್ನು ಕಡೆಗಣಿಸುವುದು ಅನ್ಯಾಯ.

ಆದರೆ ಇಷ್ಟೂ ಅಪಕರ್ಷಣವೇ. ಅದರೊಳಗೂ ಚಾಟಿಹುಳುವೆಂಬ ಮತ್ತೊಂದು ಬಗೆಯ ಕರುಳುಹುಳುವಿನ ಮುಂದೆ ಒಂದೇ ಮಾತ್ರೆ ದುರ್ಬಲ. ಹುಳುವಳಿದ ಮಗು ಮತ್ತೆ ಅದೇ ಮಣ್ಣಿಗೆ ಕಾಲಿಡುವುದರಿಂದ, ಹೇಸಿಗೆ ಅಳಿಯದ ಊರುಗಳಲ್ಲಿ ವರ್ಷ ತುಂಬುವುದರೊಳಗೆ ದುಂಡುಹುಳುವಿನ ಹಾವಳಿ ಬಹುಮಟ್ಟಿಗೆ ಹಿಂದಿನ ಅಳತೆಗೇ ಬಂದು ನಿಲ್ಲುತ್ತದೆ. ಶಾಲೆಯ ವಯಸ್ಸು ಮೀರಿದ ಕೂಲಿಕಾರ ಈ ದಿನದ ಲೆಕ್ಕಕ್ಕೇ ಸೇರುವುದಿಲ್ಲ. ಅವನ ಕರುಳಿನಲ್ಲಿ ಉಳಿದ ಹುಳು ತೋಟದ ಮಣ್ಣಿಗೆ ಮೊಟ್ಟೆಯನ್ನು ಸುರಿಯುತ್ತಲೇ ಇರುತ್ತದೆ. ಇನ್ನೂ ದೊಡ್ಡ ಕೊರತೆಯೆಂದರೆ, ಎಷ್ಟು ಮಕ್ಕಳು ಮಾತ್ರೆ ನುಂಗಿದರೆಂಬುದನ್ನೇ ವಿಜಯದ ಪ್ರಮಾಣವೆಂದು ಭಾವಿಸುವುದು. ನುಂಗಿದ ಮಾತ್ರೆಯ ಎಣಿಕೆ ಬೇರೆ, ಉಳಿದ ಹುಳುವಿನ ಎಣಿಕೆ ಬೇರೆ. ಎರಡನೆಯದು ಮಲಪರೀಕ್ಷೆಯಿಂದಲ್ಲದೆ ತಿಳಿಯದು.

ನಿದಾನಪರಿವರ್ಜನದಿಂದ ಏನನ್ನು ಸಾಧಿಸಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಾರುಹುಣ್ಣು ಕರ್ನಾಟಕವನ್ನೂ ಕಾಡಿದ, ಕುಡಿಯುವ ನೀರಿನ ಮೂಲಕ ಹರಡುತ್ತಿದ್ದ ಹುಳುವಿನ ವ್ಯಾಧಿ. ಅದಕ್ಕೆ ಲಸಿಕೆಯೂ ಇರಲಿಲ್ಲ, ಹುಳುವನ್ನು ಕೊಲ್ಲುವ ಮಾತ್ರೆಯೂ ಇರಲಿಲ್ಲ. ಮೆಟ್ಟಿಲುಬಾವಿಗಳನ್ನು ಮುಚ್ಚಿ ಅಥವಾ ಮಾರ್ಪಡಿಸಿ, ಕೊಳವೆಬಾವಿ ತೋಡಿ, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೂ ಕಲಿಸಿದುದರಿಂದ 1996ರಲ್ಲಿ ದೇಶದ ಕೊನೆಯ ರೋಗಿ ಕಾಣಿಸಿಕೊಂಡು, 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮಾತ್ರೆಯಿಲ್ಲದ ಹುಳು ನಾಡನ್ನು ಬಿಟ್ಟು ಹೋಯಿತು, ಮಾತ್ರೆಯಿರುವ ಹುಳು ಉಳಿದಿದೆ. ಇದಕ್ಕಿಂತ ಸ್ಪಷ್ಟವಾದ ಪಾಠ ಬೇರೆ ಬೇಕೆ?

ಸ್ವಚ್ಛ ಭಾರತದ ಆಂದೋಲನ 2014ರಿಂದ ಹಳ್ಳಿಹಳ್ಳಿಗೂ ಶೌಚಾಲಯವನ್ನು ತಂದಿತು. ಆದರೆ ನೀರಿನ ಸೌಕರ್ಯವಿಲ್ಲದೆಡೆ ಆ ಕೋಣೆ ಸೌದೆಯ ಮನೆಯಾಗುವುದುಂಟು, ಹಳೆಯ ರೂಢಿಯಂತೆ ಬಯಲಿಗೆ ಹೋಗುವುದೂ ಉಂಟು. ಕಟ್ಟಿದುದನ್ನು ಬಳಸುವಂತೆ ಮಾಡುವುದೇ ಮೂರನೆಯ ಅಂಗದ ಸಾರ.

ಆದುದರಿಂದ ನನ್ನ ತೀರ್ಪು ಇಷ್ಟು: ಮಾತ್ರೆಯ ದಿನ ಒಳ್ಳೆಯದು, ಅವಶ್ಯವಾದುದು, ಆದರೆ ಅರ್ಧ ಚಿಕಿತ್ಸೆ. ಅದನ್ನು ನಿಲ್ಲಿಸಕೂಡದು, ಅದರಿಂದಲೇ ತೃಪ್ತರೂ ಆಗಕೂಡದು. ಈ ಮೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ಪ್ರತಿ ಶೌಚಾಲಯಕ್ಕೂ ನೀರು ಒದಗಿಸಲಿ. ತೋಟದ ಯಜಮಾನರು ಆಳುಕಾಳುಗಳಿಗೆ ಕೂಲಿಯೊಡನೆ ಪಾದರಕ್ಷೆಯನ್ನೂ ಕೈ ತೊಳೆಯುವ ಸಾಬೂನನ್ನೂ ಕೊಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ವರ್ಷಕ್ಕೊಮ್ಮೆಯಾದರೂ ಆಯ್ದ ಶಾಲೆಗಳಲ್ಲಿ ಮಲಪರೀಕ್ಷೆ ನಡೆಸಿ, ಅದರ ಫಲಿತಾಂಶವನ್ನು ಗ್ರಾಮಸಭೆಯ ಮುಂದೆ ಓದಿ ಹೇಳಲಿ.