ವಸಂತದೊಳಗಣ ಬಲಿಪೀಠ: ಜನ್ನನ ಸನ್ನಿವೇಶ ಚಿತ್ರಣ

ಕಾವ್ಯದಲ್ಲಾಗಲಿ ಕಥೆಯಲ್ಲಾಗಲಿ ಸನ್ನಿವೇಶದ ವರ್ಣನೆಯು ಕೇವಲ ಅಲಂಕಾರವೋ, ಕೃತಿಯ ಅಂಗವೋ ಎಂಬ ಪ್ರಶ್ನೆ ಹಳೆಯದು. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ ಮೊದಲಾದವುಗಳ ವರ್ಣನೆ ಮಹಾಕಾವ್ಯದಲ್ಲಿರಬೇಕೆಂದು ದಂಡಿಯು 'ಕಾವ್ಯಾದರ್ಶ'ದಲ್ಲಿ ಹೇಳಿದನು. ಇವೇ ಅಷ್ಟಾದಶ ವರ್ಣನೆಗಳೆಂದು ರೂಢಿಗೊಂಡವು. ಅನೇಕ ಕವಿಗಳು ಇವನ್ನು ಸರಕಿನ ಪಟ್ಟಿಯಂತೆ ಒಂದೊಂದಾಗಿ ಒಪ್ಪಿಸಿದರು. ಲೆಕ್ಕ ಸರಿಹೋಯಿತು, ಚಿತ್ರ ಮೂಡಲಿಲ್ಲ.

ಆ ರೂಢಿಯನ್ನು ತೊರೆಯದೆಯೇ ಅದಕ್ಕೆ ಪ್ರಾಣ ತುಂಬಿದವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಈ ಕವಿಚಕ್ರವರ್ತಿಯು 1209ರಲ್ಲಿ 'ಯಶೋಧರ ಚರಿತೆ'ಯನ್ನು ರಚಿಸಿದನು. ನಾಲ್ಕು ಅವತಾರಗಳ ಈ ಕಿರುಕಾವ್ಯದ ಬಹುಭಾಗ ಕಂದಪದ್ಯಗಳಲ್ಲಿದೆ. ಒಂದು ಕಂದಕ್ಕೆ 64 ಮಾತ್ರೆಗಳು ಮಾತ್ರ. ದುಂದುಗಾರಿಕೆಗೆ ಅಲ್ಲಿ ಎಡೆಯಿಲ್ಲ.

ರಾಜಪುರದ ಅರಸ ಮಾರಿದತ್ತನು ಚಂಡಮಾರಿಯ ಜಾತ್ರೆಗೆ ಬಲಿಯನ್ನು ಸಿದ್ಧಗೊಳಿಸುತ್ತಿರುವ ಕಾಲ ವಸಂತ. ಇಲ್ಲಿ ಕೋಗಿಲೆ, ತಂಗಾಳಿ, ಚಿಗುರುಗಳನ್ನು ಹೆಸರಿಸಿ ಮುಂದೆ ಸಾಗಬಹುದಿತ್ತು. ಜನ್ನನು ಹಾಗೆ ಮಾಡಲಿಲ್ಲ. ಅವನ ಕಣ್ಣಿಗೆ ವಸಂತನು ಶಿಶಿರನನ್ನೇ ಹರಕೆಗೆಂದು ಹಿಡಿದವನು. ಉದುರಿಬಿದ್ದ ಮುತ್ತುಗದ ಕೆಂಪು ಮೊಗ್ಗುಗಳು ಮಾವಿನ ಅಡಿಯಲ್ಲಿ ಕೊಚ್ಚಿಟ್ಟ ಮಾಂಸದ ತುಣುಕುಗಳು. ಹೂವು ಹೂವಾಗಿಯೇ ಇದೆ. ಆದರೆ ನೋಡುವ ಊರು ಕೊಲೆಗೆ ಒಗ್ಗಿಹೋಗಿರುವುದರಿಂದ ಹೂವಿನಲ್ಲಿಯೂ ರಕ್ತವೇ ಕಾಣುತ್ತದೆ. ಹಿಂಸೆಯು ಕೈಯನ್ನಷ್ಟೇ ಅಲ್ಲ, ಕಣ್ಣನ್ನೂ ಕೆಡಿಸುತ್ತದೆ ಎಂಬ ತತ್ತ್ವವನ್ನು ಕವಿ ಉಪದೇಶಿಸದೆ ಕಾಣಿಸಿದ್ದಾನೆ.

ವಸಂತದಲ್ಲಿ ಇಂತಹ ಜುಗುಪ್ಸೆ ಉಚಿತವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಈ ಜುಗುಪ್ಸೆಯೇ ಇಲ್ಲಿ ಔಚಿತ್ಯ. ಅದೇ ಮಾರಿಗುಡಿಗೆ ಅಭಯರುಚಿ, ಅಭಯಮತಿಯರೆಂಬ ಎಳೆಯರಿಬ್ಬರನ್ನು ಬಲಿಗಾಗಿ ತರಲಾಗುತ್ತದೆ. ಅರಸನೆದುರು ಅಭಯರುಚಿಯು ತಮ್ಮ ಹಿಂದಿನ ಭವಗಳ ಕಥೆಯನ್ನು ಹೇಳುವುದು ಅಲ್ಲಿಯೇ. ಸ್ಥಳವನ್ನು ಮೊದಲೇ ಕಂಡಿರುವ ಓದುಗನು ಕಥೆಯುದ್ದಕ್ಕೂ ಆ ಖಡ್ಗವನ್ನು ಮರೆಯಲಾರನು.

ಆ ಕಥೆಯೊಳಗಿನ ಉಜ್ಜಯಿನಿಯ ಅರಮನೆಯ ರೀತಿ ಬೇರೆ. ಅಲ್ಲಿ ಇರುಳನ್ನು ಕಟ್ಟಿರುವುದು ಬಣ್ಣವಲ್ಲ, ದನಿ. ಕತ್ತಲಲ್ಲಿ ಮಾವುತನ ಹಾಡು ತೇಲಿಬರುತ್ತದೆ. ಅವನ ರೂಪವನ್ನು ಕಾಣುವ ಮೊದಲೇ ಅಮೃತಮತಿಯ ಮನಸ್ಸು ಸೋತಿರುತ್ತದೆ. ಮುಂದೆ ಯಶೋಧರನು ಜೀವಬಲಿಗೆ ಒಪ್ಪದೆ ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಕಡಿದಾಗ ಅದು ಕೂಗುತ್ತದೆ. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ಗಹನವಾದ ವಿಚಾರ ಆ ಒಂದು ಕೂಗಿನಲ್ಲಿ ಕಿವಿಗೆ ಬಡಿಯುತ್ತದೆ.

ವಿವರಗಳನ್ನು ರಾಶಿ ಹಾಕುವುದರಿಂದ ಸನ್ನಿವೇಶ ಜೀವಂತವಾಗುವುದಿಲ್ಲ. ಯಾರ ಕಣ್ಣು ನೋಡುತ್ತಿದೆ, ಯಾರ ಕಿವಿ ಕೇಳುತ್ತಿದೆ ಎಂಬುದನ್ನು ಅರಿತು ಆಯ್ದ ಒಂದೇ ವಿವರ ಸಾಕು. ಕೊಲೆಯನ್ನು ಕಣ್ಣಿಗೆ ಕಟ್ಟುವಂತೆ ಬರೆಯುವ ಶಕ್ತಿ ಇಂದಿನ ಅನೇಕ ಲೇಖಕರಲ್ಲಿದೆ. ಆದರೆ ಆ ಚಿತ್ರವನ್ನು ಕಂಡ ಓದುಗನು ಮತ್ತಷ್ಟು ನೋಡಲು ಹಾತೊರೆಯುವನೋ, ಕೈ ಹಿಂದೆಗೆಯುವನೋ ಎಂಬುದೇ ಒರೆಗಲ್ಲು. ಜನ್ನನ ಮುತ್ತುಗದ ಮೊಗ್ಗನ್ನು ಕಂಡವನು ಕೈ ಹಿಂದೆಗೆಯುತ್ತಾನೆ. ಎಂಟು ಶತಮಾನಗಳು ಕಳೆದರೂ ಆ ಕಾವ್ಯ ಬಾಡದಿರುವುದು ಇದರಿಂದಲೇ.