ಚಳಿಗೆ ಏಳುವ ನೆಗ್ಗು, ಏಳದ ನೆಗ್ಗು

ಕಾರಿನ ಬಾಗಿಲಲ್ಲಿ ಅಂಗೈಯಗಲದ ನೆಗ್ಗು. ಅದಕ್ಕೆ ಮೊದಲು ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿಯುತ್ತಾರೆ. ಆಮೇಲೆ ಕೀಬೋರ್ಡಿನ ದೂಳು ಊದುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗು ಮಾಡಿ ಅದೇ ಜಾಗಕ್ಕೆ ಹೊಡೆಯುತ್ತಾರೆ, ಇಲ್ಲವೇ ದಪ್ಪ ಕೈಗವಸು ತೊಟ್ಟು ಡ್ರೈ ಐಸಿನ ತುಂಡೊಂದನ್ನು ಒತ್ತಿಹಿಡಿಯುತ್ತಾರೆ. ತಗಡಿನ ಮೇಲೆ ಬೆಳ್ಳಗೆ ಹಿಮ ಕಟ್ಟುತ್ತದೆ, ಟಕ್ಕೆಂದು ಸದ್ದಾಗುತ್ತದೆ, ನೆಗ್ಗು ಮಾಯ. ಮನೆಯಲ್ಲೇ ಕಾರು ರಿಪೇರಿ ಕಲಿಸುವ ವಿಡಿಯೊಗಳಲ್ಲಿ ಇಷ್ಟು ಹಿತವಾದ ದೃಶ್ಯ ಬಹುಶಃ ಇನ್ನೊಂದಿಲ್ಲ. ಅದರ ಆಕರ್ಷಣೆಗೆ ಜೇಬಿನ ಕಾರಣವೂ ಇದೆ. ನಮ್ಮ ದೇಶದಲ್ಲಿ ಒಂದು ವರ್ಷ ವಿಮೆ ಕ್ಲೇಮು ಮಾಡದವರಿಗೆ ಕಂತಿನ ಸ್ವಂತ-ಹಾನಿ ಭಾಗದಲ್ಲಿ ಶೇ 20ರಷ್ಟು ರಿಯಾಯಿತಿ, ಐದು ವರ್ಷ ಮಾಡದವರಿಗೆ ಶೇ 50. ಇದನ್ನು ಕಳೆದುಕೊಂಡು ಸಣ್ಣದೊಂದು ನೆಗ್ಗಿಗೆ ಕ್ಲೇಮು ಹಾಕಲು ಯಾರಿಗೂ ಮನಸ್ಸಾಗದು. ಗ್ಯಾರೇಜಿಗೆ ಹೋದರೆ ಇಡೀ ಬಾಗಿಲಿಗೇ ಪೇಂಟು ಎನ್ನುತ್ತಾರೆ. ಹಾಗಾಗಿ ಮನೆಮದ್ದಿನ ಕಡೆ ಕೈ ಹೋಗುವುದು ಸಹಜ. ಆ ದೃಶ್ಯದಲ್ಲಿ ಕಾಣುವುದು ಎಷ್ಟೋ ಸಲ ನಿಜವೇ ಇರುತ್ತದೆ. ಆದರೆ ಅದಕ್ಕೆ ಕೊಡುವ ಕಾರಣ ತಪ್ಪು, ಆ ಕಾರಣವನ್ನು ನಂಬಿ ಎಲ್ಲ ನೆಗ್ಗಿಗೂ ಅದನ್ನೇ ಹಚ್ಚಹೊರಡುವುದು ಇನ್ನೂ ದೊಡ್ಡ ತಪ್ಪು.

ಕಾರಣ ಹೇಳುವವರ ಮಾತು ಹೀಗೆ ಸಾಗುತ್ತದೆ: ಲೋಹ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಆದ್ದರಿಂದ ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ. ಮೊದಲೆರಡು ಮಾತು ಶಾಲೆಯ ಪಾಠ. ಮೂರನೆಯದು ಅವುಗಳಿಂದ ಹುಟ್ಟುವುದೇ ಇಲ್ಲ. ಬಿಸಿಮಾಡಿ ತಣ್ಣಗಾಗಿಸಿದ ಉಕ್ಕು ಎಲ್ಲಿಂದ ಹೊರಟಿತೋ ಅಲ್ಲಿಗೇ ಬರುತ್ತದೆ. ನೆಗ್ಗಿದ ತಗಡು ಹೊರಟದ್ದು ನೆಗ್ಗಿನಿಂದ, ಸೇರುವುದೂ ನೆಗ್ಗಿಗೇ. ಹಳೆಯ ಆಕಾರವನ್ನು ನೆನಪಿಟ್ಟುಕೊಳ್ಳುವ ಲೋಹಗಳು ಇಲ್ಲವೆಂದಲ್ಲ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಬೆಳಕಿಗೆ ಬಂದ ನಿಟಿನಾಲ್ ಅಂಥದ್ದು. ಅದು ನಿಕ್ಕಲ್ ಮತ್ತು ಟೈಟೇನಿಯಮ್ಮಿನ ಮಿಶ್ರಲೋಹ. ಅದರಿಂದ ಯಾರೂ ಮಾರುತಿಯ ಬಾಗಿಲು ಮಾಡುವುದಿಲ್ಲ. ಸ್ವಲ್ಪ ಓದಿಕೊಂಡವರು ಇನ್ನೊಂದು ಕಾರಣ ಕೊಡುತ್ತಾರೆ: ಹೊರಮೈ ಮೊದಲು ತಣ್ಣಗಾಗಿ ಕುಗ್ಗುತ್ತದೆ, ಒಳಮೈ ಇನ್ನೂ ಬಿಸಿಯಾಗಿರುತ್ತದೆ, ಈ ವ್ಯತ್ಯಾಸದಿಂದ ತಗಡು ಹೊರಕ್ಕೆ ಬಾಗುತ್ತದೆ ಎಂದು. ಕಾರಿನ ಹೊರತಗಡಿನ ದಪ್ಪ ಸುಮಾರು 0.7 ಮಿಲಿಮೀಟರು. ಉಕ್ಕಿನಲ್ಲಿ ಶಾಖ ಅಷ್ಟು ದೂರ ದಾಟಲು ಸೆಕೆಂಡಿನ ನೂರನೇ ಒಂದೆರಡು ಭಾಗ ಸಾಕು. ಡ್ರೈ ಐಸ್ ಇಟ್ಟ ಕೈ ಸರಿಯಾಗಿ ಒತ್ತುವಷ್ಟರಲ್ಲೇ ಎರಡೂ ಮೈ ಒಂದೇ ತಾಪಕ್ಕೆ ಬಂದಿರುತ್ತವೆ.

ಹಾಗಾದರೆ ಆ ಟಕ್ಕೆಂಬ ಸದ್ದು ಬಂದದ್ದೆಲ್ಲಿಂದ? ಇಲ್ಲಿ ಕಾಗದದ ಮೇಲೆ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಐದು ಸೆಂಟಿಮೀಟರ್ ಅಗಲ, ಒಂದು ಮಿಲಿಮೀಟರ್ ಆಳದ ಬಟ್ಟಲಿನಂಥ ನೆಗ್ಗೊಂದನ್ನು ತೆಗೆದುಕೊಳ್ಳೋಣ. ಅಂಚಿನಿಂದ ಅಂಚಿಗೆ ನೇರವಾಗಿ ಅಳೆದರೆ 50 ಮಿಲಿಮೀಟರ್. ತಗ್ಗಿನ ಬಾಗನ್ನು ಅನುಸರಿಸಿ ಅಳೆದರೆ ಅದಕ್ಕಿಂತ ಬರೀ 0.05 ಮಿಲಿಮೀಟರ್ ಹೆಚ್ಚು. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲಿನಷ್ಟು ಕುಗ್ಗುತ್ತದೆ. ಡ್ರೈ ಐಸಿನ ತಾಪ ಮೈನಸ್ 78.5 ಡಿಗ್ರಿ. ತಗಡು ಕೋಣೆಯ ತಾಪದಿಂದ ಅಲ್ಲಿಯವರೆಗೆ, ಅಂದರೆ ನೂರು ಡಿಗ್ರಿಯಷ್ಟು ಇಳಿದರೆ ಆ 50 ಮಿಲಿಮೀಟರ್ 0.06ರಷ್ಟು ಕುಗ್ಗಬೇಕು. ಸುತ್ತಲಿನ ತಗಡು ತಣ್ಣಗಾಗದೆ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬಾಗಿನ ಹೆಚ್ಚುವರಿ ಉದ್ದವೆಲ್ಲ ಎಳೆತಕ್ಕೆ ಸಿಕ್ಕಿ ತಗ್ಗು ಸಪಾಟಾಗತೊಡಗುತ್ತದೆ. ಅಂಕಿಗಳು ಹೊಂದುತ್ತವೆ, ವಿಡಿಯೊಗಳ ಸತ್ಯಾಂಶ ಇರುವುದು ಇಷ್ಟರಲ್ಲೇ. ಆದರೆ ತಣ್ಣಗಾದದ್ದು ಮತ್ತೆ ಬೆಚ್ಚಗಾಗಲೇಬೇಕಲ್ಲ? ಆಗ ಕುಗ್ಗಿದ್ದು ಹಿಗ್ಗಿ ತಗ್ಗು ಮರಳುವುದೇ ನ್ಯಾಯ. ಮರಳದೆ ಉಳಿಯಬೇಕಾದರೆ ಆ ತಗಡಿಗೆ ನಿಲ್ಲಲು ಎರಡು ನೆಲೆ ಇರಬೇಕು: ಒಂದು ಒಳಕ್ಕೆ, ಒಂದು ಹೊರಕ್ಕೆ. ಎಣ್ಣೆ ಟಿನ್ನಿನ ತಳ ಬೆರಳೊತ್ತಿದರೆ ಟಕ್ಕೆಂದು ಒಳಗೆ ಹೋಗಿ, ಇನ್ನೊಂದು ಕಡೆಯಿಂದ ಒತ್ತಿದರೆ ಟಕ್ಕೆಂದು ಹೊರಗೆ ಬರುವ ಹಾಗೆ. ಉಬ್ಬಾಗಿದ್ದ ಬಾಗಿಲು ಯಾರದೋ ಮೊಣಕೈ ತಾಗಿ ಒಳನೆಲೆಗೆ ಬಿದ್ದಿದ್ದರೆ, ತಗಡು ಎಲ್ಲೂ ಹಿಗ್ಗದೆ ಬರೀ ಬಾಗಿದ್ದರೆ, ಚಳಿಯ ಎಳೆತ ಅದನ್ನು ಮಧ್ಯದ ಗಡಿ ದಾಟಿಸಬಹುದು. ಉಳಿದದ್ದನ್ನು ಬಾಗಿಲಿನ ಬಿಗಿತವೇ ಮಾಡಿಕೊಳ್ಳುತ್ತದೆ.

ಅದೇ ಲೆಕ್ಕವನ್ನು ಇನ್ನೊಂದು ನೆಗ್ಗಿಗೆ ಹಾಕಿದರೆ ಚಿತ್ರ ತಲೆಕೆಳಗಾಗುತ್ತದೆ. ಅಗಲ ಅಷ್ಟೇ ಇದ್ದು ಆಳ ಮೂರು ಮಿಲಿಮೀಟರ್ ಆದರೆ ಹೆಚ್ಚುವರಿ ಉದ್ದ ಮೂರು ಪಟ್ಟಾಗುವುದಿಲ್ಲ, ಒಂಬತ್ತು ಪಟ್ಟಾಗುತ್ತದೆ: 0.48 ಮಿಲಿಮೀಟರ್. ಅಷ್ಟನ್ನು ಎಳೆದುಕೊಳ್ಳಲು ಎಂಟುನೂರು ಡಿಗ್ರಿ ಇಳಿಸಬೇಕು. ಪ್ರಕೃತಿಯಲ್ಲಿ ಮೈನಸ್ 273ರ ಕೆಳಗೆ ಚಳಿಯೇ ಇಲ್ಲ. ಏಪ್ರಿಲ್-ಮೇ ತಿಂಗಳ ಆಲಿಕಲ್ಲು ಮಳೆಗೆ ಸಿಕ್ಕ ಬೆಂಗಳೂರಿನ ಕಾರುಗಳ ಕಥೆಯೂ ಇದೇ. ಆಲಿಕಲ್ಲಿನ ನೆಗ್ಗು ಚಿಕ್ಕದು ಎನ್ನುವ ಕಾರಣಕ್ಕೇ ಜನ ಅದಕ್ಕೆ ಡ್ರೈ ಐಸ್ ಹಿಡಿಯಲು ಹೊರಡುತ್ತಾರೆ. ಚಿಕ್ಕದಾಗಿರುವುದೇ ಅದರ ತೊಡಕು. ಎರಡೂವರೆ ಸೆಂಟಿಮೀಟರ್ ಅಗಲ, ಒಂದು ಮಿಲಿಮೀಟರ್ ಆಳ ಎಂದರೆ ಹೆಚ್ಚುವರಿ ಉದ್ದ 0.1 ಮಿಲಿಮೀಟರು, ನೂರು ಡಿಗ್ರಿಯ ಚಳಿ ಕೊಡುವುದು 0.03. ಮೇಲಾಗಿ ಗಟ್ಟಿ ಗುಂಡು ವೇಗವಾಗಿ ಬಡಿದ ಜಾಗದಲ್ಲಿ ತಗಡು ಬಾಗಿರುವುದಷ್ಟೇ ಅಲ್ಲ, ಶಾಶ್ವತವಾಗಿ ಹಿಗ್ಗಿರುತ್ತದೆ. ಕಾರು ಕಂಪನಿಗಳು ಹೊರಮೈಗೆ ಆರಿಸಿಕೊಳ್ಳುವ ಉಕ್ಕು ಹಲವೆಡೆ ಬೇಕ್-ಹಾರ್ಡನಿಂಗ್ ಜಾತಿಯದು. ಪೇಂಟ್ ಒಣಗಿಸುವ ಒಲೆಯಲ್ಲಿ ಸುಮಾರು 170 ಡಿಗ್ರಿ ಶಾಖಕ್ಕೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಸುಲಭಕ್ಕೆ ನೆಗ್ಗಬಾರದೆಂದೇ. ಅಂಥದ್ದು ಒಮ್ಮೆ ನೆಗ್ಗಿತೆಂದರೆ ಸುಲಭಕ್ಕೆ ಏಳುವುದೂ ಇಲ್ಲ. ತಣ್ಣಗಾದಷ್ಟೂ ಈ ಉಕ್ಕು ಬಗ್ಗದಂತೆ ಬಿಗಿಯುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಅಲ್ಯೂಮಿನಿಯಮ್ಮು ಉಕ್ಕಿನ ಎರಡರಷ್ಟು ಕುಗ್ಗುತ್ತದೆ ನಿಜ. ಆದರೆ ಶಾಖವನ್ನು ಅದು ಬಹುಬೇಗ ಹರಡುವುದರಿಂದ ಚಳಿ ನೆಗ್ಗಿನಲ್ಲಿ ನಿಲ್ಲುವುದಿಲ್ಲ.

ಹಳೆಯ ಟಿಂಕರಿಂಗ್ ಕೆಲಸಗಾರರೂ ಬಿಸಿಮಾಡಿ ಒದ್ದೆ ಬಟ್ಟೆ ಒತ್ತುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ಒತ್ತುತ್ತಿದ್ದರು, ಇಂದಿಗೂ ಒತ್ತುತ್ತಾರೆ. ಅಲ್ಲಿ ನಡೆಯುವುದು ಬೇರೆಯೇ ಕೆಲಸ. ಗ್ಯಾಸ್ ಜ್ವಾಲೆಯಿಂದ ಒಂದು ಚುಕ್ಕಿಯಷ್ಟು ಜಾಗವನ್ನು ಕೆಂಪಗೆ ಕಾಯಿಸಿದಾಗ ಮೆತ್ತಗಾದ ಲೋಹ ಹಿಗ್ಗಲು ಹೋಗಿ, ಸುತ್ತಲಿನ ತಣ್ಣನೆಯ ತಗಡು ಬಿಡದೆ, ತನ್ನೊಳಗೇ ಜಜ್ಜಿಕೊಂಡು ದಪ್ಪವಾಗುತ್ತದೆ. ತಣಿದಾಗ ಮೊದಲಿಗಿಂತ ಕಿರಿದಾಗುತ್ತದೆ. ಹಿಗ್ಗಿದ ತಗಡನ್ನು ನಿಜವಾಗಿ ಕುಗ್ಗಿಸುವ ವಿದ್ಯೆ ಅದು. ಅದಕ್ಕೆ ಕೆಂಪು ಕಾವು ಬೇಕು, ಪೇಂಟಿನ ಆಸೆ ಬಿಡಬೇಕು. ಹೇರ್ ಡ್ರೈಯರಿನ ಎಪ್ಪತ್ತು ಡಿಗ್ರಿಗೆ ಈ ಪರಂಪರೆಯ ಹೆಸರು ಹೇಳುವುದು ಆ ಕಸುಬಿಗೆ ಮಾಡುವ ಅನ್ಯಾಯ.

ತಾಪದ ಏರಿಳಿತವೇ ಮದ್ದಾಗಿದ್ದರೆ ರಾಯಚೂರಿನ ಬಿಸಿಲಲ್ಲಿ ಕಾದು ಸಂಜೆಯ ಮಳೆಗೆ ನೆನೆಯುವ ಕಾರುಗಳೂ, ಚಳಿಗಾಲದಲ್ಲಿ ಮೈನಸ್ ಮೂವತ್ತಕ್ಕೆ ಇಳಿಯುವ ಮಿನ್ನೆಸೋಟದಲ್ಲಿ ನಮ್ಮವರು ಓಡಿಸುವ ಕಾರುಗಳೂ ನೆಗ್ಗಿಲ್ಲದೆ ಹೊಳೆಯಬೇಕಿತ್ತು. ಇದಕ್ಕೆ ಒಂದು ನ್ಯಾಯವಾದ ಉತ್ತರವಿದೆ: ಹವೆ ಇಡೀ ಕಾರನ್ನು ಒಟ್ಟಿಗೇ ತಣ್ಣಗಾಗಿಸುತ್ತದೆ, ಡ್ರೈ ಐಸ್ ನೆಗ್ಗನ್ನು ಮಾತ್ರ. ಒಪ್ಪಬೇಕಾದ ಮಾತು. ತಗಡಿನ ಉದ್ದಕ್ಕೆ ಐದು ಸೆಂಟಿಮೀಟರ್ ಶಾಖ ಹರಿಯಲು ಎರಡು-ಮೂರು ನಿಮಿಷ ಬೇಕು, ಅಷ್ಟು ಹೊತ್ತು ಎಳೆತ ಉಳಿಯುತ್ತದೆ. ಆದರೆ ಎಳೆತ ಇದೆ ಎಂಬುದರಿಂದ ಅದು ಸಾಕು ಎಂದಾಗದು. ಅಂಗೈಯಿಂದ ಹಿಂದಿನಿಂದ ತಳ್ಳಿದರೆ, ಸಿಂಕಿಗೆ ಬಳಸುವ ರಬ್ಬರ್ ಪಂಪು ಹಚ್ಚಿ ಎಳೆದರೆ ಮಿಲಿಮೀಟರುಗಟ್ಟಲೆ ಚಲನೆ ಸಿಗುವಾಗ ಚಳಿ ಕೊಡುವುದು ಕೂದಲೆಳೆಯಷ್ಟು. ಚಳಿಗೆ ಏಳಬಲ್ಲ ನೆಗ್ಗು ಸಾಮಾನ್ಯವಾಗಿ ರಬ್ಬರ್ ಪಂಪಿಗೂ ಏಳುತ್ತದೆ. ಕಣ್ಣಾರೆ ಕಂಡೆವಲ್ಲ ಎನ್ನುವವರಿಗೂ ಇದೇ ಉತ್ತರ: ಕಂಡದ್ದು ಏಳುವ ಜಾತಿಯ ನೆಗ್ಗನ್ನು. ಏಳದವು ಯಾರ ಫೋನಿನಲ್ಲೋ ಅಳಿಸಿಹೋಗಿರುತ್ತವೆ. ಒಂದೇ ಬಗೆಯ ಎರಡು ನೆಗ್ಗುಗಳಲ್ಲಿ ಒಂದಕ್ಕೆ ಚಳಿ, ಇನ್ನೊಂದಕ್ಕೆ ಬರೀ ಒತ್ತು ಕೊಟ್ಟು ಹೋಲಿಸಿದರೆ ಚಳಿಯ ಪಾಲೆಷ್ಟೆಂದು ಗೊತ್ತಾದೀತು. ಈ ಬಗೆಯ ವಿಡಿಯೊಗಳು ಆ ತಂಟೆಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ಬಂಪರಿಗೆ ಕುದಿನೀರು ಸುರಿದು ನೆಟ್ಟಗಾಗಿಸುವುದನ್ನೂ ಕೆಲವರು ಸಾಕ್ಷಿಯಾಗಿ ತರುತ್ತಾರೆ. ಅದು ಶಾಖಕ್ಕೆ ಮೆತ್ತಗಾಗುವ ಪ್ಲಾಸ್ಟಿಕ್ಕಿನ ಗುಣ, ಉಕ್ಕಿನ ಬಗ್ಗೆ ಏನನ್ನೂ ಹೇಳದು.

ಆದದ್ದಾಗಲಿ, ಪ್ರಯತ್ನಿಸಿದರೆ ಕಳೆದುಕೊಳ್ಳುವುದೇನು ಎಂಬುದು ಕೊನೆಯ ಮತ್ತು ಗಟ್ಟಿಯಾದ ವಾದ. ಕಳೆದುಕೊಳ್ಳುವುದು ಸಾಕಷ್ಟಿದೆ. ದೂಳು ಊದುವ ಡಬ್ಬಿಯಲ್ಲಿರುವುದು ಗಾಳಿಯಲ್ಲ. ಬಹಳಷ್ಟರಲ್ಲಿ ಇರುವುದು ಡೈಫ್ಲೋರೋಈಥೇನ್, ಹೊತ್ತಿಕೊಳ್ಳುವ ಅನಿಲ. ಈಗಷ್ಟೇ ಉರಿಯುತ್ತಿದ್ದ ಹೇರ್ ಡ್ರೈಯರಿನ ಪಕ್ಕದಲ್ಲಿ ಅದನ್ನು ಸಿಂಪಡಿಸುವ ಕ್ರಮವನ್ನು ಯಾರು ಯೋಚಿಸಿದರೋ. ಹೊತ್ತಿಕೊಳ್ಳದ 134ಎ ಅನಿಲದ ಡಬ್ಬಿಗಳೂ ಇವೆ, ಆದರೆ ಅದು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು. ಮುನ್ನೂರು ಗ್ರಾಂ ಊದಿದರೆ ನೂರೆಂಬತ್ತು ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಡ್ರೈ ಐಸಿನ ಅಪಾಯ ಕೈ ಸುಡುವುದರಲ್ಲೇ ಮುಗಿಯುವುದಿಲ್ಲ. ಒಂದು ಕಿಲೋ ಆವಿಯಾದರೆ ಐನೂರು ಲೀಟರಿಗೂ ಮೀರಿದ ಇಂಗಾಲದ ಡೈಆಕ್ಸೈಡ್ ಅನಿಲ. ಡ್ರೈ ಐಸನ್ನು ಮನೆಗೆ ತರುವಾಗ, ಕಿಟಕಿ ಮುಚ್ಚಿ ಎ.ಸಿ. ಹಾಕಿದ ಕಾರಿನೊಳಗೆ ಆ ಅನಿಲದ ಕಾಲುಭಾಗ ಸೇರಿಕೊಂಡರೂ ಗಾಳಿಯಲ್ಲಿ ಶೇ 4ರಷ್ಟಾಗುತ್ತದೆ, ಪ್ರಾಣಕ್ಕೆ ತಕ್ಷಣ ಅಪಾಯವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಗುರುತಿಸಿರುವ ಮಟ್ಟ. ಮಾಸ್ಕೋದಲ್ಲಿ 2020ರ ಫೆಬ್ರವರಿಯಲ್ಲಿ ಈಜುಕೊಳಕ್ಕೆ ಡ್ರೈ ಐಸ್ ಸುರಿದು ಮೋಜು ಮಾಡಲು ಹೋಗಿ ಮೂವರು ಸತ್ತದ್ದು ಈ ಅನಿಲದಿಂದಲೇ. ಇನ್ನೂ ತೀವ್ರ ಚಳಿ ಬೇಕೆಂದು ದ್ರವ ಸಾರಜನಕದ ಮೈನಸ್ 196ಕ್ಕೆ ಇಳಿದರೆ ಸಾಮಾನ್ಯ ಉಕ್ಕು ಬಾಗುವುದನ್ನು ಬಿಟ್ಟು ಸೀಳತೊಡಗುತ್ತದೆ.

ಪೇಂಟಿನ ನಷ್ಟ ಇದಕ್ಕಿಂತ ಮೌನವಾದದ್ದು. ಕಾರ್ಖಾನೆಯ ಪೇಂಟಿನ ಪದರಗಳೆಲ್ಲ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಅದು ಚಳಿಗೆ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಕುಗ್ಗಲು ನೋಡುತ್ತದೆ, ಜೊತೆಗೆ ಪೆಡಸಾಗುತ್ತದೆ. ಒಮ್ಮೆ ಪುಟ್ಟಿ ಹಾಕಿ ಮರುಪೇಂಟ್ ಮಾಡಿದ ಬಾಗಿಲಿನಲ್ಲಿ ಪದರ ಇನ್ನೂ ದಪ್ಪ, ಬಿರುಕಿನ ಸಾಧ್ಯತೆಯೂ ಹೆಚ್ಚು. ಹೀಗೆ ಬಿಟ್ಟ ಎಳೆಬಿರುಕಿನ ಬೆಲೆ ತಿಳಿಯುವುದು ಆಮೇಲೆ. ಚಿಕ್ಕ ನೆಗ್ಗಿಗೆ ಪೇಂಟ್ ಮುಟ್ಟದೆ ಮಾಡುವ ಕೈಕೆಲಸವೊಂದಿದೆ: ಪಿ.ಡಿ.ಆರ್. (ಪೇಂಟ್‌ಲೆಸ್ ಡೆಂಟ್ ರಿಪೇರಿ) ಕೆಲಸಗಾರರು ದೀಪದ ಗೆರೆಗಳ ಪ್ರತಿಬಿಂಬ ನೋಡುತ್ತ, ಉದ್ದನೆಯ ಸರಳನ್ನು ಹಿಂದಿನಿಂದ ತೂರಿಸಿ ತಗಡನ್ನು ಕೂದಲಷ್ಟು ಕೂದಲಷ್ಟೇ ಎಬ್ಬಿಸುತ್ತಾರೆ; ಕೈ ತೂರದ ಕಡೆ ಹೊರಗಿನಿಂದ ಅಂಟು ಹಚ್ಚಿ ಎಳೆಯುತ್ತಾರೆ. ಆಲಿಕಲ್ಲಿನ ನೆಗ್ಗಿಗೂ ಹೆಚ್ಚಾಗಿ ನೆಚ್ಚುವುದು ಇದನ್ನೇ. ಅದಕ್ಕೆ ಬೇಕಾದ ಮೊದಲ ಷರತ್ತು ಪೇಂಟ್ ಒಡೆದಿರಬಾರದು ಎಂಬುದು. ಡ್ರೈ ಐಸ್ ಹಿಡಿದು ಬಿರುಕು ಬಿಡಿಸಿಕೊಂಡ ಬಾಗಿಲನ್ನು ಅವರ ಮುಂದೆ ನಿಲ್ಲಿಸಿದರೆ, ಅವರೂ ಇಡೀ ಬಾಗಿಲಿಗೆ ಪೇಂಟು ಎನ್ನದೆ ಬೇರೆ ದಾರಿಯಿಲ್ಲ.