ರುಜುವಾತು ಕೇಳುವ ಕಾಯ್ದೆ

ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ನಮ್ಮಲ್ಲಿ ವಾದ ಶುರುವಾದರೆ ಎರಡೇ ಮಾತಿಗೆ ಬಂದು ನಿಲ್ಲುತ್ತದೆ. ಹುಟ್ಟಿದಾಗಿನ ದೇಹವೇ ಕೊನೆಯ ಸತ್ಯ ಎನ್ನುವವರು ಒಂದು ಕಡೆ. ತಾನು ಯಾರೆಂಬುದು ಅವರವರ ಅಂತರಂಗಕ್ಕೆ ಮಾತ್ರ ಗೊತ್ತು ಎನ್ನುವವರು ಇನ್ನೊಂದು ಕಡೆ. ಈ ಜಗಳ ನಡೆಯುತ್ತಿರುವಾಗಲೇ 2019ರಲ್ಲಿ ಸಂಸತ್ತು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆಂದು ಒಂದು ಕಾಯ್ದೆ ಮಾಡಿತು. 23 ಕಲಂಗಳ ಸಣ್ಣ ಕಾಯ್ದೆ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅದನ್ನು ಒಂದು ಕೃತಿಯನ್ನು ಓದುವಷ್ಟೇ ಗಮನದಿಂದ ಓದಬೇಕು ಎಂದು ನನಗನ್ನಿಸುತ್ತದೆ. ಈ ಸಮಾಜ ಎಲ್ಲಿಯವರೆಗೆ ಒಪ್ಪಲು ತಯಾರಿತ್ತು, ಎಲ್ಲಿ ಕೈ ಹಿಂದಕ್ಕೆಳೆದುಕೊಂಡಿತು ಎಂಬುದು ಅದರ ಸಾಲುಗಳಲ್ಲೇ ಕಾಣುತ್ತದೆ. ಅಂದು ಸಂಸತ್ತು ಅಂಗೀಕರಿಸಿದ ಪಠ್ಯವನ್ನೇ ಮುಂದಿಟ್ಟುಕೊಂಡು ಇಲ್ಲಿ ಮಾತಾಡುತ್ತಿದ್ದೇನೆ.

ಹಿನ್ನೆಲೆ ಚಿಕ್ಕದಾಗಿ ಹೇಳಬಹುದು. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ, ಗಂಡು, ಹೆಣ್ಣು ಅಥವಾ ಮೂರನೆಯ ಲಿಂಗ ಎಂದು ತನ್ನನ್ನು ತಾನು ಗುರುತಿಸಿಕೊಳ್ಳುವ ಹಕ್ಕು ಆಯಾ ವ್ಯಕ್ತಿಗೇ ಸೇರಿದ್ದು ಎಂದು ಹೇಳಿತು. ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಹಟ ಹಿಡಿಯುವುದು ಅನೈತಿಕ, ಕಾನೂನುಬಾಹಿರ ಎಂದೂ ಸ್ಪಷ್ಟವಾಗಿ ಬರೆಯಿತು. ಮರುವರ್ಷ ಟ್ರಾನ್ಸ್‌ಜೆಂಡರ್ ಹಕ್ಕುಗಳ ಬಗ್ಗೆ ಸಂಸದ ತಿರುಚ್ಚಿ ಶಿವ ಅವರು ತಂದ ಖಾಸಗಿ ಮಸೂದೆಯನ್ನು ರಾಜ್ಯಸಭೆ ಅಂಗೀಕರಿಸಿತು. ಆಮೇಲೆ ಸರ್ಕಾರ ತನ್ನದೇ ಮಸೂದೆ ತಂದಿತು. 2016ರ ಆ ಕರಡು ಟ್ರಾನ್ಸ್‌ಜೆಂಡರ್ ಎಂದರೆ ಪೂರ್ತಿ ಹೆಣ್ಣೂ ಅಲ್ಲದ ಪೂರ್ತಿ ಗಂಡೂ ಅಲ್ಲದ ವ್ಯಕ್ತಿ ಎಂದು ವ್ಯಾಖ್ಯಾನಿಸಿತು. ಒಬ್ಬ ಮನುಷ್ಯನನ್ನು ಅವನಲ್ಲಿ ಇಲ್ಲದಿರುವುದರಿಂದಲೇ ಅಳೆಯುವ ಈ ವ್ಯಾಖ್ಯಾನಕ್ಕೆ ಸಮುದಾಯ ಬೀದಿಗಿಳಿದು ಉತ್ತರ ಕೊಟ್ಟಿತು. ಅದೇ ಕರಡಿನಲ್ಲಿ ಜಿಲ್ಲಾ ಪರಿಶೀಲನಾ ಸಮಿತಿಯೂ ಇತ್ತು: ಮುಖ್ಯ ವೈದ್ಯಾಧಿಕಾರಿ, ಸಮಾಜ ಕಲ್ಯಾಣ ಅಧಿಕಾರಿ, ಮನೋವೈದ್ಯರು ಕೂತು ಎದುರು ನಿಂತವರು ಟ್ರಾನ್ಸ್‌ಜೆಂಡರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಏರ್ಪಾಡು. ಪ್ರತಿಭಟನೆ ಫಲ ಕೊಟ್ಟಿತು. 2019ರ ಪಠ್ಯದಲ್ಲಿ ಆ ವ್ಯಾಖ್ಯಾನವೂ ಇಲ್ಲ, ಆ ಸಮಿತಿಯೂ ಇಲ್ಲ.

ಹಾಗಾಗಿ ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚುತ್ತೇನೆ. ಎರಡನೇ ಕಲಂನ ವ್ಯಾಖ್ಯಾನ ವಿಶಾಲವಾಗಿದೆ. ಶಸ್ತ್ರಚಿಕಿತ್ಸೆ, ಹಾರ್ಮೋನು ಚಿಕಿತ್ಸೆ ಆಗಿರಲಿ ಬಿಡಲಿ, ಟ್ರಾನ್ಸ್ ಪುರುಷರೂ ಟ್ರಾನ್ಸ್ ಮಹಿಳೆಯರೂ ಅದರೊಳಗೆ ಬರುತ್ತಾರೆ. ಅಂತರಲಿಂಗಿಗಳಿಗೆ ಜಾಗವಿದೆ. ಹಿಜ್ರಾ, ಕಿನ್ನರ, ಅರವಾಣಿ ಎಂಬ ಪಟ್ಟಿಯಲ್ಲಿ ಜೋಗ್ತಾ ಎಂಬ ಹೆಸರೂ ಇದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ, ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು ಚೌಡಿಕೆ ಹಿಡಿದ ನಮ್ಮ ಜೋಗಪ್ಪಗಳು ಹೀಗೆ ದೇಶದ ಕಾನೂನಿನ ಪುಟದೊಳಗೆ ಬಂದರು. ಉತ್ತರ ಕರ್ನಾಟಕ ತಲೆಮಾರುಗಳಿಂದ ಬಲ್ಲ ಒಂದು ಬದುಕು ಇದು. ಇಂಥವರು ನಿನ್ನೆ ಮೊನ್ನೆ ವಿದೇಶದಿಂದ ಬಂದ ಫ್ಯಾಶನ್ನು ಎಂದು ವಾದಿಸುವವರು ಒಮ್ಮೆ ಹುಣ್ಣಿಮೆಯ ದಿನ ಸವದತ್ತಿಯ ಗುಡ್ಡ ಹತ್ತಿ ಬರಬೇಕು.

ಆದರೆ ಜೋಗತಿಯ ಪರಂಪರೆಯನ್ನು ತೋರಿಸಿ 'ನಮ್ಮ ಸಂಸ್ಕೃತಿ ಮೊದಲೇ ಒಪ್ಪಿಕೊಂಡಿತ್ತು' ಎಂದು ಬೆನ್ನು ತಟ್ಟಿಕೊಳ್ಳುವವರ ಮಾತನ್ನೂ ನಾನು ಒಪ್ಪಲಾರೆ. ಮಂಜಮ್ಮ ಜೋಗತಿಯವರ ಬದುಕನ್ನೇ ನೋಡಿ. ಬಳ್ಳಾರಿ ಸೀಮೆಯ ಹುಡುಗ ಮಂಜುನಾಥನನ್ನು ಮನೆಯವರು ಹುಲಿಗೆಮ್ಮನ ಗುಡಿಗೆ ಕರೆದೊಯ್ದು, ಉಡಿದಾರ ಕಡಿಸಿ, ಬಳೆ ತೊಡಿಸಿದರು. ಮಗ ಸತ್ತನೆಂಬಂತೆ ತಾಯಿ ಅತ್ತರು. ಮುಂದೆ ವಿಷ ಕುಡಿದು ಬದುಕುಳಿದದ್ದು, ಬೀದಿಯಲ್ಲಿ ಭಿಕ್ಷೆ ಬೇಡಿದ್ದು, ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿದ್ದು, ಕಾಳವ್ವ ಜೋಗತಿಯ ಮೇಳ ಸೇರಿ ಕಲೆಯಿಂದ ತಲೆಯೆತ್ತಿದ್ದು, ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮೊದಲ ಟ್ರಾನ್ಸ್ ಮಹಿಳೆ ಅವರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ಇಡೀ ದೇಶ ಕಂಡು ಕೈತಟ್ಟಿತು. ಆ ಚಪ್ಪಾಳೆ ನಿಜವಾದದ್ದೇ. ಆದರೆ ದೇವಿಯ ಹೆಸರಿಲ್ಲದೆ, ಕಲೆಯಿಲ್ಲದೆ, ಪ್ರಶಸ್ತಿಯಿಲ್ಲದೆ, ಬರೀ ಮಗಳಾಗಿ ಮನೆಯಲ್ಲಿ ಉಳಿಯುವ ದಾರಿ ಆ ಮಗುವಿಗೆ ಇರಲಿಲ್ಲ. ಪರಂಪರೆ ಕೊಟ್ಟ ಒಪ್ಪಿಗೆಗೆ ಮನೆ ಬಿಡುವುದೇ ಬೆಲೆಯಾಗಿತ್ತು.

ಕಾಯ್ದೆಯೂ ಇದೇ ರೀತಿ ಬೆಲೆ ಕೇಳುತ್ತದೆ. ನಾಲ್ಕನೇ ಕಲಂ ಸ್ವಯಂ ಗ್ರಹಿಸಿದ ಲಿಂಗತ್ವ ಗುರುತಿನ ಹಕ್ಕು ಇದೆ ಎನ್ನುತ್ತದೆ. ಐದು ಮತ್ತು ಆರನೇ ಕಲಂಗಳಿಗೆ ಬರುವಾಗ ಆ ಗುರುತಿಗೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಬೇಕಾಗುತ್ತದೆ. ಸಿಗುವುದು ಟ್ರಾನ್ಸ್‌ಜೆಂಡರ್ ಎಂಬ ಪ್ರಮಾಣಪತ್ರ. 'ನಾನು ಹೆಣ್ಣು' ಅಥವಾ 'ನಾನು ಗಂಡು' ಎಂದು ಬರೆಸಿಕೊಳ್ಳಬೇಕೆಂದರೆ ಏಳನೇ ಕಲಂನ ಬಾಗಿಲು ತಟ್ಟಬೇಕು. ಅಲ್ಲಿ ಶಸ್ತ್ರಚಿಕಿತ್ಸೆ ಆಗಿದೆಯೆಂದು ಆಸ್ಪತ್ರೆಯ ಮುಖ್ಯಸ್ಥರು ಬರೆದುಕೊಡಬೇಕು. ಸುಪ್ರೀಂ ಕೋರ್ಟ್ ಅನೈತಿಕವೆಂದ ಷರತ್ತು ಐದೇ ವರ್ಷದಲ್ಲಿ ಶಾಸನದ ರೂಪದಲ್ಲಿ ವಾಪಸು ಬಂತು. 2020ರ ನಿಯಮಗಳು ಶಸ್ತ್ರಚಿಕಿತ್ಸೆಯ ಜಾಗದಲ್ಲಿ 'ವೈದ್ಯಕೀಯ ಮಧ್ಯಪ್ರವೇಶ' ಎಂದು ಅರ್ಥವನ್ನು ಸ್ವಲ್ಪ ಸಡಿಲಿಸಿದವು, ಮೊದಲ ಪ್ರಮಾಣಪತ್ರಕ್ಕೆ ದೈಹಿಕ ತಪಾಸಣೆ ಬೇಡವೆಂದವು. ಒಳ್ಳೆಯದೇ. ಆದರೂ ಮೂಲ ದೋಷ ಹೋಗಲಿಲ್ಲ. ಶಸ್ತ್ರಚಿಕಿತ್ಸೆ ಬೇಕೆನ್ನುವವರಿಗೆ ಅದು ಸರ್ಕಾರಿ ಆಸ್ಪತ್ರೆಯಲ್ಲಿ, ಒಳ್ಳೆಯ ವೈದ್ಯರ ಕೈಯಲ್ಲಿ ಸಿಗಬೇಕು. ಹದಿನೈದನೇ ಕಲಂ ಆ ಭರವಸೆ ಕೊಟ್ಟಿದೆ. ಬೇಡವೆನ್ನುವವರು, ಆರೋಗ್ಯದಿಂದಲೋ ಬಡತನದಿಂದಲೋ ಮಾಡಿಸಿಕೊಳ್ಳಲಾರದವರು, ತಮ್ಮ ಹೆಸರಿಗಾಗಿ ಮೈ ಕೊಯ್ಯಿಸಿಕೊಳ್ಳಬೇಕೆನ್ನುವುದು ಕ್ರೌರ್ಯ.

ಇಲ್ಲಿ ವಿರೋಧಿಗಳ ಮಾತನ್ನು ತಾಳ್ಮೆಯಿಂದ ಕೇಳಬೇಕು. ಎಲ್ಲರೂ ದ್ವೇಷದಿಂದ ಮಾತಾಡುತ್ತಾರೆಂದು ನಾನು ನಂಬುವುದಿಲ್ಲ. ಬರೀ ಹೇಳಿಕೆಯನ್ನು ಒಪ್ಪಿದರೆ ಯಾರು ಬೇಕಾದರೂ ಸೌಲಭ್ಯ ಕಬಳಿಸುವುದಿಲ್ಲವೇ ಎಂಬುದು ಮೊದಲ ಪ್ರಶ್ನೆ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಪ್ರತಿ ವರ್ಗದೊಳಗೂ ಶೇ. 1ರಷ್ಟು ಹುದ್ದೆಗಳನ್ನು ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಮೀಸಲಿಟ್ಟು ದೇಶದಲ್ಲೇ ಮೊದಲನೆಯದಾಯಿತು. ಆಗಲೂ ಈ ಪ್ರಶ್ನೆ ಎದ್ದಿತ್ತು. ನನ್ನ ಉತ್ತರ ಇದು: ಆ ಶೇ. 1ಕ್ಕಾಗಿ ಸುಳ್ಳು ಹೇಳುವವನು ಸರ್ಕಾರದ ದಾಖಲೆಯಲ್ಲಿ, ಊರೆದುರು, ಮದುವೆ ಸಂಬಂಧ ನೋಡಲು ಬರುವ ಬೀಗರೆದುರು, ಬಾಡಿಗೆ ಮನೆ ಕೊಡುವವರೆದುರು ಆ ಗುರುತನ್ನು ಹೊತ್ತು ಬದುಕಬೇಕಾಗುತ್ತದೆ. ಸುಳ್ಳು ಜಾತಿ ಪ್ರಮಾಣಪತ್ರ ಮಾಡಿಸುವವರು ನಮ್ಮಲ್ಲಿದ್ದಾರೆ. ಸಿಕ್ಕಿಬಿದ್ದವರ ಮೇಲೆ ಕೇಸು ಹಾಕುತ್ತೇವೆ, ಕೆಲಸದಿಂದ ತೆಗೆಯುತ್ತೇವೆ. ಆ ಕಾರಣಕ್ಕೆ ಪ್ರಾಮಾಣಿಕ ಅರ್ಜಿದಾರರ ಮೈ ಪರೀಕ್ಷೆ ಮಾಡುವುದಿಲ್ಲ. ಪ್ರಮಾಣವಚನದ ಹೇಳಿಕೆ ಸುಳ್ಳಾದರೆ ಶಿಕ್ಷಿಸಲು ಕಾನೂನು ಈಗಾಗಲೇ ಇದೆ.

ಎರಡನೆಯದು ಮಕ್ಕಳ ಕುರಿತ ಆತಂಕ, ಇದು ತಂದೆತಾಯಂದಿರದು. ಬ್ರಿಟನ್ನಿನಲ್ಲಿ ಮಕ್ಕಳ ಲಿಂಗತ್ವ ಚಿಕಿತ್ಸೆ ಕುರಿತ 2024ರ ಕ್ಯಾಸ್ ವರದಿಯ ಬಳಿಕ ಮಕ್ಕಳಿಗೆ ಪ್ರೌಢಾವಸ್ಥೆ ತಡೆಯುವ ಔಷಧಿ ಕೊಡುವ ಬಗ್ಗೆ ಗಂಭೀರ ಚರ್ಚೆ ನಡೆದಿದೆ. ವೈದ್ಯಶಾಸ್ತ್ರದ ಆ ಪ್ರಶ್ನೆ ಎಚ್ಚರಿಕೆಗೆ ಅರ್ಹವಾದದ್ದು. ಆದರೆ ಆ ಚರ್ಚೆಯನ್ನು ಹಾಗೇ ಎತ್ತಿ ತಂದು ಇಲ್ಲಿಟ್ಟರೆ ಚಿತ್ರ ತಪ್ಪಾಗುತ್ತದೆ. ನಮ್ಮ ಕಾಯ್ದೆಯಲ್ಲಿ ಅಪ್ರಾಪ್ತ ವಯಸ್ಕರ ಪರವಾಗಿ ಅರ್ಜಿ ಹಾಕಬೇಕಾದವರು ತಂದೆತಾಯಿ ಅಥವಾ ಪೋಷಕರೇ. ನಮ್ಮ ಊರುಗಳಲ್ಲಿ ಇಂಥ ಮಗುವಿಗೆ ಮೊದಲು ಸಿಗುವುದು ಔಷಧಿಯಲ್ಲ, ಬೆತ್ತ. ಆಮೇಲೆ ದೆವ್ವ ಬಿಡಿಸುವವನ ಮುಂದೆ ಕೂರಿಸುತ್ತಾರೆ. ಓದಿದ ಮನೆಯಾದರೆ 'ಸರಿಮಾಡುವ' ಚಿಕಿತ್ಸೆಗೆ ಕರೆದೊಯ್ಯುತ್ತಾರೆ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಈ ಚಿಕಿತ್ಸೆಯ ವಿರುದ್ಧ ಆದೇಶ ಕೊಟ್ಟರು, ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿದ್ರೋಹವೆಂದು ಸಾರಿತು. ಮಗುವಿನ ಹಿತವೇ ನಮ್ಮ ಕಾಳಜಿಯಾದರೆ ಮೊದಲು ನಿಲ್ಲಬೇಕಾದ್ದು ಆ ಬೆತ್ತ.

ಹೆಣ್ಣುಮಕ್ಕಳ ಹಾಸ್ಟೆಲ್ಲು, ಶೌಚಾಲಯ, ಕ್ರೀಡೆಯ ಪ್ರಶ್ನೆಗಳೂ ಇವೆ. ಕ್ರೀಡೆಗೆ ಆಯಾ ಆಟಕ್ಕೆ ತಕ್ಕ ನಿಯಮ ಬೇಕು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಶೌಚಾಲಯದ ವಿಷಯದಲ್ಲಿ ಒಂದು ಮಾತು: ಟ್ರಾನ್ಸ್ ಮಹಿಳೆಯನ್ನು ಗಂಡಸರ ಶೌಚಾಲಯಕ್ಕೆ ಕಳುಹಿಸಿದರೆ ಅಲ್ಲಿ ಅವಳಿಗೆ ಏನಾಗಬಹುದು ಎಂದು ಹೆಣ್ಣಾದ ಯಾರಿಗೂ ವಿವರಿಸಿ ಹೇಳಬೇಕಿಲ್ಲ.

ಭಯದ ಇನ್ನೊಂದು ಮುಖವನ್ನೂ ನಮ್ಮ ರಾಜ್ಯದ ಚರಿತ್ರೆಯಿಂದ ನೆನಪಿಸಬೇಕು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಹಿಜ್ರಾಗಳ ಹೆಸರು ವಿಳಾಸಗಳ ರಿಜಿಸ್ಟರ್ ಇಡುವ, ಅವರ ಮೇಲೆ ನಿರ್ಬಂಧ ಹೇರುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಯಿತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ನೆರಳು ಅದರ ಮೇಲೆ ಸ್ಪಷ್ಟವಾಗಿತ್ತು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಬಳಿಕವೇ ಸರ್ಕಾರ ಆ ಕಲಂ ತಿದ್ದಿತು. ನಾಲ್ಸಾ ತೀರ್ಪು ಬಂದ ವರ್ಷವೇ, 2014ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ನೂರಕ್ಕೂ ಹೆಚ್ಚು ಟ್ರಾನ್ಸ್‌ಜೆಂಡರ್ ಮಂದಿಯನ್ನು ಬೀದಿಯಿಂದ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ತುಂಬಲಾಯಿತು. ಯಾರಿಂದ ಯಾರಿಗೆ ಅಪಾಯ ಎಂಬ ಪ್ರಶ್ನೆಗೆ ಈ ದಾಖಲೆ ಕೊಡುವ ಉತ್ತರ ಬೇರೆಯೇ ಇದೆ.

ಕಾಯ್ದೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಹನ್ನೆರಡನೇ ಕಲಂ. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಮಗುವನ್ನು ಹೆತ್ತವರಿಂದ ದೂರ ಮಾಡಬಾರದು, ಮನೆಯಲ್ಲಿರುವ ಹಕ್ಕು ಟ್ರಾನ್ಸ್‌ಜೆಂಡರ್ ವ್ಯಕ್ತಿಗಿದೆ ಎಂದು ಅದು ಹೇಳುತ್ತದೆ. ಆಶಯ ಚೆನ್ನಾಗಿದೆ, ಮಂಜಮ್ಮನಂಥವರ ತಲೆಮಾರಿಗೆ ಇಲ್ಲದಿದ್ದ ಹಕ್ಕು ಇದು. ಆದರೆ ಹೆತ್ತವರು ನೋಡಿಕೊಳ್ಳಲಾರದಿದ್ದರೆ ಪುನರ್ವಸತಿ ಕೇಂದ್ರ ಎನ್ನುವುದರ ಹೊರತು ಬೇರೆ ದಾರಿ ಕಾಯ್ದೆಗೆ ಹೊಳೆದಿಲ್ಲ. ಮನೆಯಿಂದ ಹೊಡೆದು ಓಡಿಸಿದವರಿಗೆ ಇಷ್ಟು ಕಾಲ ಅನ್ನ ಹಾಕಿದ್ದು ಹಿಜ್ರಾ ಸಮುದಾಯದ ಹಮಾಮುಗಳೆಂಬ ಸ್ನಾನದ ಮನೆಗಳು, ಜಮಾತುಗಳೆಂಬ ಕೂಡುಕುಟುಂಬಗಳು. ಗುರು ತನ್ನ ಶಿಷ್ಯೆಯರಾದ ಚೇಲಾಗಳಿಗೆ ತಾಯಿಯಾದಳು, ಚೇಲಾ ಗುರುವಿನ ಮುಪ್ಪಿಗೆ ಆಸರೆಯಾದಳು. ಆ ಕುಟುಂಬದೊಳಗೂ ಶೋಷಣೆ ಇದೆ, ಸಾಲದ ಬಲೆ ಇದೆ, ದಂಡ ಇದೆ. ಲಿವಿಂಗ್ ಸ್ಮೈಲ್ ವಿದ್ಯಾ, ಎ. ರೇವತಿಯಂಥವರು ತಮ್ಮ ಆತ್ಮಕಥನಗಳಲ್ಲಿ ಆ ಬದುಕನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆದರೂ ಅದು ಕುಟುಂಬ. ರಕ್ತ ಸಂಬಂಧವಿಲ್ಲದ ಆ ಮನೆಗೆ ಕಾಯ್ದೆಯಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ಇನ್ನು ಹದಿನೆಂಟನೇ ಕಲಂ. ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ದೈಹಿಕ, ಲೈಂಗಿಕ, ಮಾನಸಿಕ ದೌರ್ಜನ್ಯ ಎಸಗಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ಇದೇ ಕಾಯ್ದೆ ಅಂಗೀಕಾರವಾದಾಗ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ದಂಡಸಂಹಿತೆಯಲ್ಲಿ ಕನಿಷ್ಠ ಶಿಕ್ಷೆ ಹತ್ತು ವರ್ಷವಿತ್ತು. ಹಕ್ಕುಗಳ ರಕ್ಷಣೆಯೆಂದು ತಲೆಬರಹ ಹೊತ್ತ ಕಾಯ್ದೆ ಈ ಜನರ ನೋವಿಗೆ ಕಡಿಮೆ ದರ ಕಟ್ಟಿತು. ಪ್ರಮಾಣಪತ್ರದ ವಿಷಯದಲ್ಲಿ ಎರಡು ಅಭಿಪ್ರಾಯವಿರಬಹುದು. ಇದನ್ನು ಯಾವ ಕಡೆಯವರೂ ಸಮರ್ಥಿಸಲಾರರು. ಟ್ರಾನ್ಸ್ ಗುರುತನ್ನೇ ಒಪ್ಪದ ವ್ಯಕ್ತಿಯೂ ಒಂದು ಮೈಯ ಮೇಲಿನ ಹಲ್ಲೆ ಇನ್ನೊಂದು ಮೈಯ ಮೇಲಿನ ಹಲ್ಲೆಗಿಂತ ಅಗ್ಗ ಎನ್ನಲು ಹಿಂಜರಿಯುತ್ತಾನೆ ಎಂದು ನಂಬಿದ್ದೇನೆ.

ಆಚರಣೆಯಲ್ಲಂತೂ ಕಾಯ್ದೆ ಇನ್ನೂ ಸೋತಿದೆ. ಜನನ ಪ್ರಮಾಣಪತ್ರದಲ್ಲಿ ಹೆಸರು, ಲಿಂಗ ಬದಲಿಸಲು ಹೋದರೆ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಅವಕಾಶವಿಲ್ಲವೆಂಬ ಉತ್ತರ ಸಿಗುತ್ತಿತ್ತು. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಮಧ್ಯೆ ಬಂದು, ಹಳೆಯ ಮತ್ತು ಹೊಸ ವಿವರಗಳೆರಡೂ ಇರುವ ಪರಿಷ್ಕೃತ ಪತ್ರ ಕೊಡಬೇಕೆಂದು ಆದೇಶಿಸಬೇಕಾಯಿತು. 2025ರ ಅಕ್ಟೋಬರಿನಲ್ಲಿ, ಎರಡು ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಟ್ರಾನ್ಸ್ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿ, ಈ ಕಾಯ್ದೆ ಸತ್ತ ಅಕ್ಷರದಂತಾಗಿದೆ ಎಂದು ಬೇಸರಪಟ್ಟಿತು.

ಒಟ್ಟಿನಲ್ಲಿ ನನ್ನ ತೀರ್ಪು ಹೀಗೆ. ಈ ಕಾಯ್ದೆಯ ವ್ಯಾಖ್ಯಾನವನ್ನು ಉಳಿಸಿಕೊಳ್ಳಬೇಕು. ಅದು ಸಮುದಾಯ ಹೋರಾಡಿ ಪಡೆದದ್ದು. ಏಳನೇ ಕಲಂ ಹೋಗಬೇಕು. ಹದಿನೆಂಟನೇ ಕಲಂನ ಶಿಕ್ಷೆ ಇತರರಿಗಿರುವಷ್ಟೇ ಆಗಬೇಕು. ಹನ್ನೆರಡನೇ ಕಲಂ ಜಮಾತಿನ ಮನೆಯನ್ನೂ ಮನೆಯೆಂದು ಕಾಣಬೇಕು. ಈ ತಿದ್ದುಪಡಿಗಳಿಗಾಗಿ ನಮ್ಮ ಸಂಸದರನ್ನು ಕೇಳುವುದು ಲಿಂಗತ್ವ ಅಲ್ಪಸಂಖ್ಯಾತರ ಕೆಲಸ ಮಾತ್ರವಲ್ಲ, ಮತ ಹಾಕುವ ನಮ್ಮೆಲ್ಲರದು. ಕಾನೂನು ತಿದ್ದಲು ಕಾಯಬೇಕಾಗಬಹುದು. ನಿಮ್ಮ ಮನೆಯ ಮಹಡಿ ಬಾಡಿಗೆಗೆ ಖಾಲಿಯಿದ್ದರೆ, ನಿಮ್ಮ ಅಂಗಡಿಯಲ್ಲಿ ಕೆಲಸಕ್ಕೆ ಜನ ಬೇಕಿದ್ದರೆ, ನಿಮ್ಮ ಮನೆಯಲ್ಲೇ ಒಂದು ಮಗು ಅಂಜುತ್ತ ಏನೋ ಹೇಳಲು ಬಂದರೆ, ಅದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ. ದಯವಿಟ್ಟು ರುಜುವಾತು ಕೇಳಬೇಡಿ.